ನೀರು ಕುಡಿದ ಕಬ್ಬಿಣ

ಜಟ್ಟೆಪ್ಪನ ಮನೆಯಲ್ಲಿ ಎರಡು ಒಲೆ. ಅಡುಗೆಯದು ಒಳಗೆ, ಕಬ್ಬಿಣದ್ದು ಹಿತ್ತಲಲ್ಲಿ. ಕೃಷ್ಣವ್ವ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಾಡವ್ವ ಅವಳಿಗೆ ಮೊದಲು ಕಲಿಸಿದ್ದು ಉಳಿಗೆ ನೀರು ಕುಡಿಸುವುದನ್ನು. "ರೊಟ್ಟಿ ಬಡಿಯೂದು ನಿಮ್ಮವ್ವ ಕಲಿಸಿರತಾಳ. ಇದನ್ನ ಯಾರೂ ಕಲಿಸಿರಂಗಿಲ್ಲ, ಬಾ," ಎಂದು ಕೈ ಹಿಡಿದು ಕುಲುಮೆಯ ಮುಂದೆ ಕೂರಿಸಿದ್ದಳು.

ಖಣಿಯಲ್ಲಿ ದಿನವಿಡೀ ಕಲ್ಲು ಕಡಿದು ಮೊಂಡಾದ ಉಳಿಗಳು ಸಂಜೆ ಮನೆಗೆ ಬರುತ್ತಿದ್ದವು. ಇದ್ದಲಿಯಲ್ಲಿ ಕೆಂಪಗೆ ಕಾಸಿ, ಬಡಿದು ಮೊನೆ ತೆಗೆದು, ತುದಿಯನ್ನಷ್ಟೇ ಕಲ್ಲುಮರಿಗೆಯ ನೀರಿಗೆ ಅದ್ದಿ ತೆಗೆದರೆ ಹಿಂದಿನ ಕಾವು ಮೆಲ್ಲಗೆ ತುದಿಯತ್ತ ಹರಿದು ಬರುತ್ತದೆ. ಮೊದಲು ಜೋಳದ ದಂಟಿನ ಬಣ್ಣ, ಆಮೇಲೆ ಕಂದು, ಆಮೇಲೆ ನವಿಲಿನ ಕುತ್ತಿಗೆಯ ಬಣ್ಣ. ಆ ನವಿಲು ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ಉಳಿಯನ್ನು ಪೂರ್ತಿ ನೀರಿಗಿಳಿಸಬೇಕು. ಒಂದು ಉಸಿರು ಮೊದಲಾದರೆ ಉಳಿ ಕಲ್ಲಿನ ಮೇಲೆ ಬಳೆಯಂತೆ ಒಡೆಯುತ್ತದೆ, ಒಂದು ಉಸಿರು ತಡವಾದರೆ ಮೇಣದಂತೆ ಬಾಗುತ್ತದೆ. ಇಷ್ಟು ವರ್ಷವಾದರೂ ಪ್ರತಿ ಸಲ ಆ ಬಣ್ಣ ಹರಿದು ಬರುವಾಗ ಕೃಷ್ಣವ್ವ ಉಸಿರು ಹಿಡಿಯುತ್ತಿದ್ದಳು.

ಆ ಮನೆಯಲ್ಲಿ ಎರಡು ಕಟ್ಟಳೆ ನಡೆದುಕೊಂಡು ಬಂದಿದ್ದವು. ಮನೆಯ ಹೆಣ್ಣಿನ ಕೈಯಿಂದ ನೀರು ಕುಡಿಯದ ಕಬ್ಬಿಣ ಗುಡ್ಡಕ್ಕೆ ತಾಗಬಾರದು. ಒಮ್ಮೆ ನೀರು ಕುಡಿದ ಕಬ್ಬಿಣವನ್ನು ಗುಡ್ಡದಲ್ಲಿ ಬಿಟ್ಟು ಬರಬಾರದು. ಕಲ್ಲಿನಲ್ಲಿ ಕಚ್ಚಿಕೊಂಡ ಗೇಣುದ್ದದ ಉಳಿಗಾಗಿ ಜಟ್ಟೆಪ್ಪ ಹಬ್ಬದ ಹೋಳಿಗೆ ಬಿಟ್ಟು ಖಣಿಯಲ್ಲಿ ಕುಳಿತದ್ದು ಓಣಿಗೆಲ್ಲ ಗೊತ್ತಿತ್ತು. "ಜಟ್ಟೆಪ್ಪಗ ಹೇಂತಿ ಕಳದರ ನಡೀತೈತಿ, ಉಳಿ ಕಳೀಬಾರದು," ಎಂದು ಜನ ನಗುತ್ತಿದ್ದರು. ಕೃಷ್ಣವ್ವನೂ ನಗುತ್ತಿದ್ದಳು.

ಸುರೇಬಾನದ ಆಚೆಯ ಆ ಗುಡ್ಡಕ್ಕೆ ಕಂಪ್ರೆಸರ್ ಬಂದದ್ದು ಜೋಳದ ಸುಗ್ಗಿಯ ಹೊತ್ತಿಗೆ. ನವಿಲುತೀರ್ಥದ ಕಟ್ಟೆಯಲ್ಲಿ ನೀರು ನಿಂತು ವರ್ಷ ಕಳೆದಿತ್ತು. ಕಾಲುವೆ ಕೆಲಸ ಎಲ್ಲ ಕಡೆ ಬಿರುಸಾಗಿ, ಎಷ್ಟು ಕಲ್ಲು ತೆಗೆದರೂ ಸಾಲದಾಗಿತ್ತು. ಖಣಿ ಹಿಡಿದಿದ್ದ ರಾಮದುರ್ಗದ ಗುತ್ತಿಗೆದಾರ ಯಂತ್ರವನ್ನೂ, ಅದರ ಜೊತೆ ಬೈಲಹೊಂಗಲದ ಶಂಕರೆಪ್ಪ ಎಂಬ ಮೇಸ್ತ್ರಿಯನ್ನೂ ಕಳಿಸಿದ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಆ ಹಳದಿ ಡಬ್ಬಿಯನ್ನು ನೋಡಲು ಹೊಲದಲ್ಲಿದ್ದವರು ಕುಡಗೋಲು ಹಿಡಿದುಕೊಂಡೇ ಬಂದರು.

ಕೃಷ್ಣವ್ವ ಸೊಸೆ ಪದ್ಮವ್ವನನ್ನು ಕರೆದುಕೊಂಡು ಬುತ್ತಿ ಹೊತ್ತು ಗುಡ್ಡ ಹತ್ತುವಾಗಲೇ ಕಾಲಡಿಯ ನೆಲ ಗುಂಯ್‌ಗುಡುತ್ತಿತ್ತು. ಶಂಕರೆಪ್ಪ ಒಂದು ಉದ್ದನೆಯ ಸಲಾಕೆಯನ್ನು ಯಂತ್ರದ ಬಾಯಿಗೆ ಸಿಕ್ಕಿಸಿ, ಎದೆಯಿಂದ ಒತ್ತಿ ಹಿಡಿದು ನಿಂತಿದ್ದ. ರಬ್ಬರಿನ ನಳಿಗೆ ಕೇರೆ ಹಾವಿನಂತೆ ಕುಣಿಯುತ್ತಿತ್ತು. ಸಲಾಕೆಯ ಸುತ್ತ ಬಿಳಿ ಹಿಟ್ಟು ಚಿಮ್ಮುತ್ತಿತ್ತು. ಜಟ್ಟೆಪ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡ. ಅದು ಬಾಯಲ್ಲಿ ಕೆಂಪಾಗುವಷ್ಟರಲ್ಲಿ ಸಲಾಕೆ ಮೊಣಕಾಲುದ್ದ ಕಲ್ಲಿಗೆ ಇಳಿದಿತ್ತು.

"ಯವ್ವಾ!" ಎಂದು ಪದ್ಮವ್ವ ಅತ್ತೆಯ ಸೆರಗು ಹಿಡಿದಳು. "ಕಲ್ಲೈತೋ ಬೆಣ್ಣಿ ಐತೋ?"

ಕೃಷ್ಣವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಷ್ಟು ಆಳದ ತೂತಿಗೆ ತನ್ನ ಗಂಡನಿಗೆ ಒಂದು ದಿನ, ತನಗೆ ಒಂದು ಬುಟ್ಟಿ ಇದ್ದಲಿ ಬೇಕಿತ್ತು. ಯಂತ್ರ ನಿಂತಾಗ ಗುಡ್ಡವೇ ಉಸಿರು ಬಿಟ್ಟಂತಾಯಿತು. ಜಟ್ಟೆಪ್ಪ ಎದ್ದು ಬಂದು ತೂತಿನೊಳಗೆ ಕಿರುಬೆರಳು ಇಳಿಸಿದ.

"ಬಿಸಿ ಐತಿ," ಎಂದ.

ಮಧ್ಯಾಹ್ನ ತೂತುಗಳಿಗೆ ಮದ್ದು ತುಂಬಿ ಹಾರಿಸಿದರು. ಮನೆಯಷ್ಟು ದೊಡ್ಡ ಕಲ್ಲು ಎದ್ದು ಬಿದ್ದು ಚೂರಾಯಿತು. ಹೊಗೆ ಇಳಿದ ಮೇಲೆ ಜಟ್ಟೆಪ್ಪ ಒಂದು ತುಂಡಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟ. ಕಲ್ಲು ದಪ್ ಎಂದಿತು.

"ಮದ್ದು ತಿಂದ ಕಲ್ಲು ಕಿವುಡ," ಎಂದ. "ಒಳಗ ಸೀಳು ಬಿಟ್ಟೈತಿ. ಗ್ವಾಡಿಗೆ ನಡೀತೈತಿ. ಚಪ್ಪಡಿಗೆ ಬರಂಗಿಲ್ಲ."

"ಈಗ ಕೇಳೂದು ಗ್ವಾಡಿ ಕಲ್ಲನ ಕಾಕಾ," ಎಂದ ಶಂಕರೆಪ್ಪ, ಮುಖದ ಧೂಳು ಒರೆಸಿಕೊಳ್ಳುತ್ತ. ಅವನ ದನಿಯಲ್ಲಿ ಸೊಕ್ಕಿರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಮನೆಯಲ್ಲಿ ಕಿಡಿ ಹಾರಿತು. ಮಗ ಬಾಳು ಕೂರಲು ಕಲಿತಾಗಿನಿಂದ ಅಪ್ಪ ಮಗ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು. ಮದುವೆಯಾದ ಮೇಲೂ ಅದು ತಪ್ಪಿರಲಿಲ್ಲ. ಅಂದು ಪುಂಡಿಪಲ್ಲೆ, ರೊಟ್ಟಿ, ಹಸಿ ಉಳ್ಳಾಗಡ್ಡಿ.

"ಶಂಕರೆಪ್ಪ ನನ್ನ ಮಶಿನ್ ಮ್ಯಾಲೆ ತಗೋತೇನಿ ಅಂದಾನ," ಬಾಳು ರೊಟ್ಟಿ ಮುರಿಯುತ್ತ ಹೇಳಿದ. "ಸೋಮವಾರದಿಂದ."

ಜಟ್ಟೆಪ್ಪನ ಕೈ ಗಂಗಾಳದಲ್ಲೇ ನಿಂತಿತು. "ನೀ ಏನಂದಿ?"

"ಬರತೇನಿ ಅಂದೆ."

"ನನ್ನ ಕೇಳಲಿಲ್ಲ."

"ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ. ಗುಡ್ಡ ಹುಟ್ಟಿದ್ದು ಮದ್ದು ತಿನ್ನಾಕಲ್ಲ."

"ನಮ್ಮ ಉಳಿ ತಿನ್ನಾಕೂ ಹುಟ್ಟಿರಲಿಲ್ಲ ಬಿಡಪ್ಪಾ."

ಮೂಲೆಯಲ್ಲಿ ಹಲ್ಲಿಲ್ಲದ ಬಾಯಲ್ಲಿ ರೊಟ್ಟಿ ನೆನೆಸುತ್ತಿದ್ದ ಕಾಡವ್ವ ಕಿಸಕ್ಕನೆ ನಕ್ಕಳು. "ನಿನ್ನ ಮಗನ ಹೌದು ಬಿಡೋ ಜಟ್ಟ್ಯಾ. ನಿಮ್ಮಪ್ಪಗ ನೀನೂ ಹಿಂಗ ಅಂತಿದ್ದಿ."

"ನೀ ಸುಮ್ಮನಿರಬೇ."

"ಸುಮ್ಮನಿರತೇನಿ. ಆದ್ರ ಒಂದ ಕೇಳತೇನಿ. ಬಾಳ್ಯಾ, ಆ ಸಲಾಕಿಗೆ ನೀರು ಕುಡಿಸಿದವರು ಯಾರು?"

ಬಾಳು ತಲೆ ಕೆರೆದುಕೊಂಡ. "ಅದು ಕಾರಖಾನ್ಯಾಗ ತಯಾರಾಗತೈತಿ ಆಯಿ."

"ಕಾರಖಾನಿ ಯಾವ ಮನಿ ಹೆಣ್ಣಮಗಳು?"

ಪದ್ಮವ್ವ ನಗು ತಡೆಯಲಾರದೆ ಒಳಗೆ ಓಡಿದಳು. ಜಟ್ಟೆಪ್ಪ ನಗಲಿಲ್ಲ. ಕೈ ತೊಳೆದು ಎದ್ದ. "ಕೃಷ್ಣಾ, ನಾಳಿಂದ ನನಗ ಬ್ಯಾರೆ ಗಂಗಾಳ."

ಮರುದಿನದಿಂದ ಕೃಷ್ಣವ್ವ ಎರಡು ಸಲ ಬಡಿಸಿದಳು. ಗಂಡ ಉಂಡು ಎದ್ದು ಹೊರಗೆ ಹೋದ ಮೇಲೆ ಮಗ ಬಂದು ಕೂರುತ್ತಿದ್ದ. ಇಬ್ಬರ ನಡುವೆ ಮಾತು ಪದ್ಮವ್ವನ ಬಾಯಿಂದ ಓಡಾಡುತ್ತಿತ್ತು. "ಮಾವಾರ, ಹಾರಿ ಎಲ್ಲೈತಿ ಅಂತ ಕೇಳತಾರ." "ಇದ್ದಲ್ಲೇ ಐತಿ ಅಂತ ಹೇಳು." ಸಿರಸಂಗಿಯಿಂದ ಬಂದು ವರ್ಷವೂ ತುಂಬದ ಆ ಹುಡುಗಿ ಎರಡು ಕಡೆ ಹೆಜ್ಜೆ ಹಾಕಿ ಸುಸ್ತಾಗಿ, "ಅತ್ತಿ, ನಮ್ಮೂರಾಗ ಪೋಸ್ಟ್‌ಮನ್‌ಗ ಸೈಕಲ್ಲರ ಕೊಡತಾರ," ಎಂದಳು.

ಬಾಳು ಸಂಜೆ ಬರುವಾಗ ಹಿಟ್ಟಿನ ಗಿರಣಿಯಿಂದ ಬಂದವನಂತೆ ಬೆಳ್ಳಗಿರುತ್ತಿದ್ದ. ಕಣ್ಣೆರಡು ಮಾತ್ರ ಕಾಣುತ್ತಿದ್ದವು. ಕಿವಿಯಲ್ಲಿ ಯಂತ್ರದ ಗುಂಯ್ ಇಳಿಯುವತನಕ ಮನೆಯಲ್ಲೂ ಕಿರಿಚಿ ಮಾತಾಡುತ್ತಿದ್ದ. "ಯವ್ವಾ! ನೀರು!" ಅಂದರೆ ಪಕ್ಕದ ಮನೆಯ ಚನ್ನವ್ವ ಕೊಡ ಹಿಡಿದು ಬರುತ್ತಿದ್ದಳು. ಕೆಮ್ಮು ಬಂದರೆ ಕೃಷ್ಣವ್ವ ಬೆಲ್ಲ ಕೊಡುತ್ತಿದ್ದಳು. ಮೂಗು ಬಾಯಿಗೆ ಕಟ್ಟಿಕೊಳ್ಳಲು ತನ್ನ ಹಳೆಯ ಸೀರೆಯನ್ನು ನಾಲ್ಕು ಪದರು ಮಾಡಿ ಹೊಲಿದು ಕೊಟ್ಟಳು. ಅವನು ಅದನ್ನು ಕಟ್ಟಿಕೊಂಡನೋ ಜೇಬಿಗೆ ತುರುಕಿಕೊಂಡನೋ ಎಂದು ದಿನಾ ಬಟ್ಟೆ ಒಗೆಯುವಾಗ ನೋಡುತ್ತಿದ್ದಳು.

ಆದರೂ ಅವನ ಮಾತು ಕೇಳಲು ಅವಳಿಗೆ ಆಸೆ. ಅವನು ಸಲಾಕೆಯನ್ನು ಕಣ್ಣಿಗೆ ಹಿಡಿಸಿ ತೋರಿಸಿದ. ಆರು ಮೂಲೆಯ ಕಬ್ಬಿಣ, ಉದ್ದಕ್ಕೂ ನಡುವೆ ತೂತು. ಆ ಕೊನೆಯಲ್ಲಿ ಆಕಾಶ ಒಂದು ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು.

"ಗಾಳಿ ಇದರಾಗಿಂದ ಹೋಗಿ ಕಲ್ಲಿನ ಹಿಟ್ಟನ್ನ ಹೊರಗ ಊದತೈತಿ ಯವ್ವಾ. ಉಸಿರಾಡಿಸಿದಂಗ."

"ಕಬ್ಬಣದಾಗ ಇಂಥಾ ತೂತು ಹೆಂಗ ಕೊರದರೋ?"

"ಅದ ನನಗೂ ತಿಳೀವಲ್ದು."

ಹಿತ್ತಲ ಕುಲುಮೆಗೆ ಕೆಲಸ ಕಡಿಮೆಯಾಗುತ್ತ ಬಂತು. ಗುತ್ತಿಗೆದಾರನ ಕಡೆಯವರು ಜಟ್ಟೆಪ್ಪನಿಗೆ ಅಂಚಿನ ಸಣ್ಣ ಪದರು ಬಿಟ್ಟುಕೊಟ್ಟಿದ್ದರು. ಮೊದಲು ಮೊರದ ತುಂಬ ಬರುತ್ತಿದ್ದ ಉಳಿಗಳು ಈಗ ಒಂದು ಹಿಡಿ. ಕೃಷ್ಣವ್ವ ಅವನ್ನು ಮುಗಿಸಿ, ತಣ್ಣಗಾಗುವ ಇದ್ದಲಿಯ ಮುಂದೆ ಸುಮ್ಮನೆ ಕೂರುತ್ತಿದ್ದಳು. ಕಾಡವ್ವ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತು ದಿನಾ ಒಂದೇ ಮಾತು ಹೇಳುತ್ತಿದ್ದಳು: "ನೀರು ಕುಡೀದ ಕಬ್ಬಣ ಹಿಡದು ಗುಡ್ಡಕ್ಕ ಹೊಂಟಾನ ಮೊಮ್ಮಗ. ನಿನಗ ನಿದ್ದಿ ಹೆಂಗ ಬರತೈತೋ ನನಗ ತಿಳೀವಲ್ದು."

ನಿದ್ದೆ ಬರುತ್ತಿರಲಿಲ್ಲ. ಮದ್ದು ಹಾರಿಸುವ ಸದ್ದು ಕೇಳಿದಾಗೆಲ್ಲ ಕೃಷ್ಣವ್ವನ ಕೈಯ ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು.

ಖಣಿಯಲ್ಲಿ ಬೀಗ ಹಾಕುವ ಕೋಣೆ ಇರಲಿಲ್ಲವಾದ್ದರಿಂದ ಸಲಾಕೆಗಳು ಬಾಳುವಿನ ಜೊತೆ ಮನೆಗೆ ಬಂದು ಬಾಗಿಲ ಹಿಂದೆ ನಿಲ್ಲುತ್ತಿದ್ದವು. ಒಂದು ಮುಂಜಾನೆ ಅವನು ಬಾವಿಗೆ ಹೋದಾಗ ಕೃಷ್ಣವ್ವ ಒಂದು ಸಲಾಕೆಯನ್ನು ಹಿತ್ತಲಿಗೆ ಒಯ್ದಳು. ತಿದಿ ಒತ್ತಿದಳು. ಅದರ ಮೂತಿಯಲ್ಲಿ ಬೇರೆಯದೇ ಬಣ್ಣದ ಒಂದು ಪಟ್ಟಿ ಕೂತಿತ್ತು. ಸುತ್ತಿಗೆಯಿಂದ ತುಸು ತಟ್ಟಿ ನೋಡಿದರೆ ತನಗೆ ಗೊತ್ತಿದ್ದ ಯಾವ ಕಬ್ಬಿಣದ ದನಿಯೂ ಅಲ್ಲ. ಬಡಿಯಲು ಧೈರ್ಯವಾಗಲಿಲ್ಲ. ಮೊನೆ ತೆಗೆಯುವುದು ಬೇಡ, ನೀರಷ್ಟೇ ಕುಡಿಸೋಣ ಎಂದುಕೊಂಡಳು. ಕೆಂಪಗಾದ ಮೂತಿಯನ್ನು ಅದ್ದಿದಳೋ ಇಲ್ಲವೋ, ಸಲಾಕೆಯ ಇನ್ನೊಂದು ತುದಿಯಿಂದ ಬಿಳಿ ಹಬೆ ಶಿಳ್ಳೆ ಹಾಕುತ್ತ ಚಿಮ್ಮಿತು. ಕೃಷ್ಣವ್ವ ಹೆದರಿ ಹಿಂದಕ್ಕೆ ಕುಳಿತುಬಿಟ್ಟಳು. ಮೂವತ್ತು ವರ್ಷ ಉಳಿಗಳಿಗೆ ನೀರು ಕುಡಿಸಿದ್ದಳು. ಕುಡಿದು ಉಸಿರು ಬಿಟ್ಟ ಕಬ್ಬಿಣವನ್ನು ನೋಡಿದ್ದು ಅದೇ ಮೊದಲು.

ನವಿಲು ಬಣ್ಣ ಹರಿದು ಬಂತು. ಇಳಿಸಿದಳು. ಬೂದಿಯಲ್ಲಿ ತಿಕ್ಕಿ, ಮತ್ತೆ ಬಾಗಿಲ ಹಿಂದೆ ನಿಲ್ಲಿಸಿ, ಕೈಮುಗಿದು, ರೊಟ್ಟಿಗೆ ಹಿಟ್ಟು ಕಲಸಲು ಕುಳಿತಳು. ಅಂದು ಬಾಳುವಿಗೆ ಒಂದು ರೊಟ್ಟಿ ಹೆಚ್ಚು ಬಡಿಸಿದಳು.

ಆ ದಿನವೇ ಶಂಕರೆಪ್ಪ ಖಣಿಯ ಭುಜದ ಮೇಲಿದ್ದ ದೊಡ್ಡ ಕಲ್ಲಿಗೆ ಕೈಹಾಕಿದ್ದ. ಊರಿನವರು ಹಿರೇಕಲ್ಲು ಅನ್ನುತ್ತಿದ್ದ ಅದು ನಾಲ್ಕು ಚಕ್ಕಡಿ ಸಾಲಾಗಿ ನಿಂತಷ್ಟು ಉದ್ದ, ಎಲ್ಲೂ ಒಂದು ಬಿರುಕಿಲ್ಲ. ಕಾಲುವೆ ಹಳ್ಳ ದಾಟುವಲ್ಲಿ ಹಾಸಲು ಉದ್ದನೆಯ ಚಪ್ಪಡಿ ಬೇಕೆಂದು ಗುತ್ತಿಗೆದಾರ ಹೇಳಿಕಳಿಸಿದ್ದ. ಮದ್ದು ಕಡಿಮೆ ಹಾಕಿ ಮೆಲ್ಲಗೆ ಸೀಳಬಹುದೆಂದು ಶಂಕರೆಪ್ಪನ ಲೆಕ್ಕ. ಕೃಷ್ಣವ್ವ ಬುತ್ತಿ ತಂದಾಗ ಯಂತ್ರ ನಿಂತಿತ್ತು. ಬಾಳು ಕಲ್ಲಿನ ಮೇಲೆ ಮಂಡಿಯೂರಿ ಸಲಾಕೆ ಹಿಡಿದು ಎಳೆಯುತ್ತಿದ್ದ. ಅದು ತೋಳುದ್ದ ಇಳಿದು ಕಚ್ಚಿಕೊಂಡಿತ್ತು. ಎಳೆದರೆ ಬರದು, ತಿರುಗಿಸಿದರೆ ತಿರುಗದು.

"ಮೂತಿ ಮುರದೈತಿ," ಶಂಕರೆಪ್ಪ ತೂತಿನಿಂದ ಚಿಮ್ಮಿದ್ದ ಹಿಟ್ಟಿನಲ್ಲಿ ಬೆರಳಾಡಿಸಿ ಹೊಳೆಯುವ ಒಂದು ಚೂರು ಹೆಕ್ಕಿದ. "ನೋಡಿಲ್ಲಿ. ಬೆಸುಗಿ ಬಿಟ್ಟೈತಿ. ನೆಟ್ಟಗಿದ್ದ ರಾಡು ಹಿಂಗಾಗಂಗಿಲ್ಲ ಬಾಳು. ಬೆಂಕಿ ತೋರಿಸೀಯೇನು?"

"ನಾ ಯಾಕ ತೋರಿಸಲಿ?"

"ಮತ್ತ ತಾನ ಹೋಗಿ ಬಿದ್ದಿತೇನು ಬೆಂಕ್ಯಾಗ? ಕಲ್ಲಿನ ನಡುಮಧ್ಯ ಕಬ್ಬಣ ಕೂತೈತಿ. ಮದ್ದು ಹಾಕಿದ್ರ ಚಪ್ಪಡಿ ಹೋತು. ಬಿಟ್ಟರ ಕಲ್ಲ ಹೋತು. ಸೋಮವಾರ ಗುತ್ತಿಗೆದಾರ ಬರತಾನ. ನಾ ಏನ ಹೇಳ್ಲಿ? ಬೈಲಹೊಂಗಲದಿಂದ ಬ್ಯಾರೆ ಆಳು ತರತೇನಿ ಅಂತ ಹೇಳಬೇಕಾಗತೈತಿ, ತಿಳೀತಿಲ್ಲೋ?"

ಬಾಳು ಮತ್ತೆ ಸಲಾಕೆ ಹಿಡಿದು ಎಳೆದ. ಧೂಳಿನ ಮುಖದಲ್ಲಿ ಕಣ್ಣು ಕೆಂಪಾಗಿದ್ದವು. ಕೃಷ್ಣವ್ವ ಬುತ್ತಿಯ ಬುಟ್ಟಿಯನ್ನು ತಲೆಯಿಂದ ಇಳಿಸಲು ಮರೆತು ಹಾಗೇ ಮುಂದೆ ಬಂದಳು.

"ಅವಗ ಬೈಬ್ಯಾಡ್ರಿ. ನಾನ ಕಾಸಿ ನೀರು ಕುಡಿಸೇನಿ."

"ಯಾಕ ಯವ್ವಾ?" ಬಾಳುವಿನ ದನಿ ಯಂತ್ರ ನಿಂತಿದ್ದರೂ ಅದೇ ಕಿರಿಚು. "ಯಾರ ಹೇಳಿದ್ರು ನಿನಗ?"

"ನೀರು ಕುಡೀದ ಕಬ್ಬಣ..." ಎಂದು ಶುರುಮಾಡಿ ಅವಳು ನಿಲ್ಲಿಸಿದಳು.

ಶಂಕರೆಪ್ಪ ಹಣೆ ಒತ್ತಿಕೊಂಡು ಕಲ್ಲಿನ ಮೇಲೆ ಕುಳಿತ. "ಅಕ್ಕಾರ, ಇದರ ಮೂತಿ ಕಬ್ಬಣದ್ದಲ್ಲರಿ. ಬ್ಯಾರೆ ಜಾತಿ ಲೋಹ, ಕಲ್ಲಿಗಿಂತ ಗಟ್ಟಿ. ಬೆಸುಗಿ ಹಚ್ಚಿ ಕೂಡಿಸಿರತಾರ. ಮೊಂಡಾದ್ರ ಸಾಣಿ ಚಕ್ರಕ್ಕ ಹಿಡದು ಮಸೀಬೇಕ ಹೊರತು ಕಾಸೂದಲ್ಲ. ಕಾದು ನೀರಿಗೆ ಬಿದ್ರ ಒಳಗ ಸೀಳತೈತಿ."

ಬಳೆಯಂತೆ, ಎಂದುಕೊಂಡಳು ಕೃಷ್ಣವ್ವ. ಇಷ್ಟು ವರ್ಷ ಯಾವುದನ್ನು ಆಗಗೊಡಬಾರದೆಂದು ಉಸಿರು ಹಿಡಿದಿದ್ದಳೋ ಅದನ್ನೇ ತನ್ನ ಕೈಯಾರೆ ಮಾಡಿದ್ದಳು.

ಅಂದು ಸಂಜೆ ಮನೆಯಲ್ಲಿ ಒಲೆ ತಡವಾಗಿ ಹತ್ತಿತು. ಬಾಳು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ. ಜಟ್ಟೆಪ್ಪನಿಗೆ ಸುದ್ದಿ ದಾರಿಯಲ್ಲೇ ಮುಟ್ಟಿತ್ತು. ಅವನು ಹೆಗಲ ಮೇಲಿನ ಘನದ ಸುತ್ತಿಗೆ ಇಳಿಸಿ, ನೇರ ಅಡುಗೆಮನೆಯ ಬಾಗಿಲಿಗೆ ಬಂದ.

"ಖರೇನ?"

"ಖರೇರಿ."

"ನನ್ನ ಉಳಿಗೆ ಕುಡಿಸೂ ನೀರನ ಅದಕ್ಕೂ ಕುಡಿಸಿದಿ?"

"ಅದ ಕಲ್ಲಮರಿಗ್ಯಾಗಿನ ನೀರು."

"ನನ್ನ ಬಿಟ್ಟು ಅವನ ಕಡೆ ಆದಿ ಅನ್ನು."

ಕೃಷ್ಣವ್ವ ಕೈಯಲ್ಲಿದ್ದ ಹಿಟ್ಟನ್ನು ನಾದುವ ಕೊಣಮಿಗೆಗೆ ಕುಕ್ಕಿದಳು. ಆ ಮನೆಯಲ್ಲಿ ಅವಳ ದನಿ ಏರಿದ್ದು ಕಡಿಮೆ. "ಯಾರ ಕಡೆ ಆಗ್ಲಿರಿ ನಾನು? ಎರಡ ಗಂಗಾಳ ತೊಳದು ತೊಳದು ಕೈ ಸವದಾವು. ನೀವು ಮಾತ ಬಿಟ್ರಿ, ಅಂವ ಕಿವಿ ಬಿಟ್ಟ. ನಡುವ ನಾ ಮದ್ದಿನ ಸಪ್ಪಳ ಎಣಸ್ಕೋತ ಕುಂದರಬೇಕು. ನನಗ ಬರೂದು ಒಂದ ಕೆಲಸ. ಅದನ್ನ ಮಾಡಿದೆ. ತಪ್ಪಾತು. ಏನ ಮಾಡತೀರಿ ಮಾಡ್ರಿ."

ಹೊರಗಿನಿಂದ ಕಾಡವ್ವನ ಕೋಲು ಟಕ್ ಟಕ್ ಎಂದು ಬಂತು.

"ಕುಡದೈತೋ ಇಲ್ಲೋ?" ಎಂದು ಮುದುಕಿ ಕೇಳಿದಳು.

"ಏನಬೇ?" ಎಂದ ಜಟ್ಟೆಪ್ಪ.

"ಆ ಸಲಾಕಿ ನಮ್ಮನಿ ನೀರು ಕುಡದೈತೋ ಇಲ್ಲೋ?"

"ಕುಡದೈತಿ ಅಂತಾಳಲ್ಲ."

"ಹಂಗಾದ್ರ ಅದು ನಮ್ಮನಿ ಕಬ್ಬಣ ಆತು. ಗುಡ್ಡದಾಗ ಬಿಟ್ಟು ಬಂದು ರೊಟ್ಟಿ ಕೇಳಾಕ ಹತ್ತೀಯಲ್ಲ, ನಾಚಿಕಿ ಬರಂಗಿಲ್ಲೇನ?"

ಜಟ್ಟೆಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ತಾಯಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಆಮೇಲೆ ಕಟ್ಟೆಯ ಮೇಲಿದ್ದ ಬೆನ್ನಿಗೆ ಕೇಳುವಂತೆ, "ಪದ್ಮವ್ವಾ, ತೂತು ಎಷ್ಟ ಇಳದೈತಿ ಅಂತ ಕೇಳು," ಎಂದ.

"ತೋಳುದ್ದ!" ಬಾಳು ತಿರುಗದೆಯೇ ಕಿರಿಚಿದ.

"ತೋಳುದ್ದ ಅಂತರಿ ಮಾವಾರ," ಎಂದಳು ಪದ್ಮವ್ವ.

ಮರುದಿನ ಬೆಳಿಗ್ಗೆ ಅಪ್ಪ ಮಗ ಒಂದೇ ದಾರಿಯಲ್ಲಿ, ಹತ್ತು ಮಾರು ಅಂತರದಲ್ಲಿ ನಡೆದು ಖಣಿಗೆ ಹೋದರು. ಜಟ್ಟೆಪ್ಪ ಹಿರೇಕಲ್ಲಿನ ಮೇಲೆ ಬರಿಗಾಲಲ್ಲಿ ಅತ್ತಿಂದಿತ್ತ ನಡೆದ. ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿದ. ಕಚ್ಚಿಕೊಂಡ ಸಲಾಕೆಯ ಮೇಲೆಯೇ ಹಾಯುವಂತೆ ಕೆಮ್ಮಣ್ಣಿನ ದಾರ ಹಿಡಿದು ಗೆರೆ ಹೊಡೆದ. ಕಲ್ಲು ಆ ಗೆರೆಯಲ್ಲಿ ಸೀಳಿದರೆ ಸಲಾಕೆ ತಾನಾಗಿ ಹೊರಬೀಳುತ್ತದೆ. ಆದರೆ ಬೆಣೆ ಬಡಿಯಲು ಕೈಯಿಂದ ಕಡಿದ ಕುಳಿಗಳು ಗೇಣಿಗಿಂತ ಆಳ ಹೋಗುವುದಿಲ್ಲ, ಸೀಳು ತೋಳಿನಾಳಕ್ಕೆ ನೆಟ್ಟಗೆ ಇಳಿಯುವ ಖಾತ್ರಿ ಇಲ್ಲ. ಅವನು ಕುಕ್ಕರಗಾಲಲ್ಲಿ ಕುಳಿತು ಗಡ್ಡ ಕೆರೆದುಕೊಂಡ. ಸೋಮವಾರಕ್ಕೆ ನಡುವೆ ಎರಡೇ ದಿನ.

"ಕಾಕಾ, ಇನ್ನೊಂದ ರಾಡ ಐತಿ," ಎಂದ ಶಂಕರೆಪ್ಪ ಅಳುಕುತ್ತ. "ನೀವು ಗೆರಿ ತೋರಿಸಿದಲ್ಲಿ ಬಾಳು ಆಳ ತೂತು ಹೊಡೀತಾನ. ಮದ್ದು ಬ್ಯಾಡ. ಬೆಣಿ ನೀವು ಹಾಕ್ರಿ."

ಜಟ್ಟೆಪ್ಪ ಮಗನನ್ನು ನೋಡಿದ. ಎಷ್ಟೋ ವಾರಗಳ ಮೇಲೆ ನೇರ ಅವನಿಗೇ ಮಾತಾಡಿದ. "ಗೆರಿ ಬಿಟ್ಟು ಕೂದಲೆಳೆ ಸರೀಬಾರದು. ಬರತೈತೇನು?"

"ಬರತೈತಿ."

ಯಂತ್ರ ಹೊಡೆಯತೊಡಗಿದಾಗ ಜಟ್ಟೆಪ್ಪ ದೂರ ಹೋಗಿ ಕೂರಲಿಲ್ಲ. ಮೊದಲು ಅಂಗೈಯನ್ನು, ಆಮೇಲೆ ಕೆನ್ನೆಯನ್ನು ಕಲ್ಲಿಗೆ ಒತ್ತಿದ. ಅವನ ಕಣ್ಣು ಅಗಲವಾದವು. ಕೈ ಎತ್ತಿ ಯಂತ್ರ ನಿಲ್ಲಿಸಿದ. "ಇಲ್ಲೊಂದ ಮೆತ್ತನ ಪದರು ಐತಿ, ಮೊಣಕೈ ಆಳದಾಗ. ಮೆಲ್ಲಕ ಹೋಗು. ಇಷ್ಟ ಆಳದ ಮಾತು ಈ ಕಲ್ಲು ನನ್ನ ಕೂಡ ಎಂದೂ ಆಡಿರಲಿಲ್ಲೋ."

"ನನ್ನ ಎದಿಗೂ ಅದ ಹತ್ತಿತ್ತಪ್ಪಾ. ಏನಂತ ತಿಳಿದಿರಲಿಲ್ಲ."

ಇನ್ನೊಂದು ತೊಡಕು ಬಂತು. ಮನೆಯ ಬೆಣೆಗಳೆಲ್ಲ ಚಪ್ಪಟೆ, ಉದ್ದನೆಯ ಕುಳಿಗೆ ಮಾಡಿದವು. ಯಂತ್ರದ ತೂತು ದುಂಡಗೆ. ಬೆಣೆ ಅದರಲ್ಲಿ ನಿಲ್ಲಲಿಲ್ಲ. ಪದ್ಮವ್ವ ಆ ಸುದ್ದಿ ಹಿಡಿದು ಮನೆಗೆ ಓಡಿಬಂದಳು. ಕೃಷ್ಣವ್ವ ಹಿತ್ತಲಲ್ಲಿ ಬಿದ್ದಿದ್ದ ಮುರುಕು ಚಕ್ಕಡಿ ಗಾಲಿಗೆ ಸುತ್ತಿದ್ದ ಕಬ್ಬಿಣದ ಹಳಿಯನ್ನು ನೋಡಿದಳು.

"ಪದ್ಮಾ, ತಿದಿ ಒತ್ತು."

ಹಳಿಯನ್ನು ತುಂಡು ಮಾಡಿ, ಒಂದು ಮೈ ದುಂಡಾಗಿ ಒಂದು ಮೈ ಚಪ್ಪಟೆಯಾಗಿ ಬಡಿದಳು. ತೂತಿನಲ್ಲಿ ಅಂಥ ಎರಡು ಪಟ್ಟಿ ಎದುರುಬದುರಾಗಿ ಇಳಿಸಿದರೆ ನಡುವೆ ಬೆಣೆ ಕೂರುತ್ತದೆ. ಎರಡು ದಿನ ಕುಲುಮೆ ಆರಲಿಲ್ಲ. ಪದ್ಮವ್ವನ ಕೈಯಲ್ಲಿ ಬೊಬ್ಬೆ ಎದ್ದವು. ಅವಳ ಕೈಯಿಂದಲೂ ನಾಲ್ಕು ಬೆಣೆಗೆ ನೀರು ಕುಡಿಸಿದಳು ಕೃಷ್ಣವ್ವ. "ಬಣ್ಣ ನೋಡು, ನನ್ನ ಮುಖ ನೋಡಬ್ಯಾಡ. ಬಂತು... ಬಂತು... ಈಗ!" ಹುಡುಗಿ ಉಸಿರು ಹಿಡಿದದ್ದು ಕೃಷ್ಣವ್ವನಿಗೆ ಕೇಳಿಸಿತು.

ರವಿವಾರ ಮಧ್ಯಾಹ್ನ ಬೆಣೆಗಳು ಸಾಲಾಗಿ ನಿಂತವು. ಮನೆಯವರೆಲ್ಲ ಗುಡ್ಡದ ಮೇಲಿದ್ದರು. ಕಾಡವ್ವ ಓಣಿಯ ಮುದಕಪ್ಪನ ಚಕ್ಕಡಿಯಲ್ಲಿ ಬಂದಿದ್ದಳು. ಜಟ್ಟೆಪ್ಪ ಒಂದು ತುದಿಯಿಂದ ಶುರುಮಾಡಿ ಒಂದೊಂದು ಬೆಣೆಗೆ ಒಂದೊಂದೇ ಪೆಟ್ಟು ಕೊಡುತ್ತ ಹೋದ, ಇನ್ನೊಂದು ತುದಿಯಿಂದ ಬಾಳು. ನಡುವೆ ಸಲಾಕೆಯ ಹತ್ತಿರ ಸೇರಿ ಮತ್ತೆ ಹಿಂದಕ್ಕೆ. ಪ್ರತಿ ಸುತ್ತಿಗೂ ಬೆಣೆಗಳ ದನಿ ಏರುತ್ತ ಹೋಯಿತು. ಮೊದಲು ಕಂಚಿನ ಹಾಗೆ ಮೊಳಗಿದವು, ಕೊನೆಗೆ ಹಕ್ಕಿಗಳ ಹಾಗೆ ಚಿಲಿಗುಟ್ಟಿದವು. ಬಾಳು ಇನ್ನೊಂದು ಪೆಟ್ಟಿಗೆ ಸುತ್ತಿಗೆ ಎತ್ತಿದ. ಅಪ್ಪ ಅವನ ಕೈ ಹಿಡಿದ.

"ಸಾಕು. ಇನ್ನ ಕಲ್ಲಿನ ಪಾಳಿ. ಉಣ್ಣಾಕ ಕುಂದರೂಣು."

"ಸೀಳೇ ಇಲ್ಲಲ್ಲ ಕಾಕಾ?" ಎಂದ ಶಂಕರೆಪ್ಪ.

"ಅವಸರ ಮಾಡಿದ್ರ ಗೆರಿ ಬಿಟ್ಟು ಓಡತೈತಿ. ನೀನೂ ಬಾ, ರೊಟ್ಟಿ ಅದಾವು."

ಹೊಸ ಪದರು ಬಿಚ್ಚುವ ದಿನ ಕಲ್ಲಿನ ಮೇಲೆ ಉಣ್ಣುವುದು ಮನೆಯ ರೂಢಿ. ಕೃಷ್ಣವ್ವ ಕಲ್ಲಿನ ಮೇಲೆಯೇ ಬುತ್ತಿ ಬಿಚ್ಚಿದಳು. ಎರಡು ಗಂಗಾಳ ತಂದಿದ್ದಳು, ಎರಡನ್ನೂ ಇಟ್ಟಳು. ಕೆಮ್ಮಣ್ಣಿನ ಗೆರೆಯ ಆಚೆ ಅಪ್ಪ, ಈಚೆ ಮಗ. ಜುಣಕ, ಗುರೆಳ್ಳ ಚಟ್ನಿ, ಮಜ್ಜಿಗೆ. ಎಲ್ಲರ ಕಣ್ಣೂ ಆ ಗೆರೆಯ ಮೇಲೆ. ಬಿಸಿಲು ಇಳಿಯುತ್ತಿತ್ತು, ಮಲಪ್ರಭೆಯ ಕಡೆಯಿಂದ ತಣ್ಣಗೆ ಗಾಳಿ ಬೀಸಿತು. ಪದ್ಮವ್ವ ಬಡಿಸಲು ಬಗ್ಗಿದಾಗ ಅವಳ ಕೈ ತಪ್ಪಿ ಮಜ್ಜಿಗೆ ಗೆರೆಯ ಮೇಲೆ ಚೆಲ್ಲಿತು.

"ಕೈಯಾಗ ಏನಾಗೇತಿ ನಿನಗ?" ಎಂದ ಬಾಳು.

"ಏ, ಸುಮ್ಮನಿರ್ರಿ, ಇಲ್ಲಿ ನೋಡ್ರಿ," ಎಂದಳು ಪದ್ಮವ್ವ.

ಚೆಲ್ಲಿದ ಮಜ್ಜಿಗೆ ಹರಿಯಲಿಲ್ಲ. ನಿಂತಲ್ಲೇ ಇಳಿದು ಹೋಗುತ್ತಿತ್ತು. ಕಣ್ಣಿಗೆ ಕಾಣದ ಒಂದು ಬಾಯಿ ಅದನ್ನು ಕುಡಿಯುತ್ತಿತ್ತು. ಆಮೇಲೆ ಹತ್ತಿಯ ಸೀರೆ ಹರಿದಂಥ ಒಂದು ಸಣ್ಣ ಸದ್ದು ಆ ತುದಿಯಿಂದ ಈ ತುದಿಗೆ, ಉಂಡವರ ನಡುವೆಯೇ ಹಾದುಹೋಯಿತು. ಕೆಮ್ಮಣ್ಣಿನ ಗೆರೆಯ ಒಳಗೆ ಕೂದಲಿನಷ್ಟು ಕಪ್ಪು ಗೆರೆ ಮೂಡಿತು. ಶಂಕರೆಪ್ಪನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

"ಯಪ್ಪಾ," ಎಂದ ಅವನು. "ಸಪ್ಪಳನ ಇಲ್ಲ."

ಹಾರೆಗಳನ್ನು ಇಳಿಸಿ, ಎಲ್ಲರೂ ಸೇರಿ ಮೀಟಿದರು. ಹಿರೇಕಲ್ಲಿನ ಅರ್ಧ ಒಂದು ಗೇಣು ಸರಿಯಿತು, ಇನ್ನೊಂದು ಗೇಣು, ಆಮೇಲೆ ಇಳಿಜಾರಿನ ಕಡೆಗೆ ನಿಧಾನವಾಗಿ ವಾಲಿ ಮಗ್ಗುಲಾಯಿತು. ಸೀಳಿದ ಮೈಯಲ್ಲಿ ಯಂತ್ರದ ತೂತುಗಳು ಸಾಲಾಗಿ ಅರ್ಧ ನಳಿಗೆಗಳಂತೆ ನಿಂತಿದ್ದವು. ನಡುವಿನ ನಳಿಗೆಯಲ್ಲಿ ಸಲಾಕೆ, ತೊಟ್ಟಿಲಲ್ಲಿ ಕೂಸು ಮಲಗಿದಂತೆ ಒರಗಿತ್ತು. ಆದರೆ ಅದನ್ನು ಯಾರೂ ನೋಡಲಿಲ್ಲ. ಕಲ್ಲು ಎದ್ದ ಜಾಗದ ಕೆಳಗಿನ ಪದರನ್ನು ನೋಡುತ್ತ ನಿಂತುಬಿಟ್ಟರು.

ಅಂಗಳದಷ್ಟು ಅಗಲದ ಆ ನೆಲದ ತುಂಬ ಅಲೆಗಳಿದ್ದವು. ಬೇಸಿಗೆಯಲ್ಲಿ ಹೊಳೆ ಹಿಂದೆ ಸರಿದಾಗ ದಂಡೆಯ ಮರಳಿನ ಮೇಲೆ ಉಳಿಯುತ್ತವಲ್ಲ, ಅವೇ ನಿರಿಗೆಗಳು, ಒಂದರ ಹಿಂದೊಂದು, ಕಲ್ಲಾಗಿ. ಕೃಷ್ಣವ್ವ ಅಂಗೈ ಅಗಲದ ಇಂಥ ಚೂರುಗಳನ್ನು ನೋಡಿದ್ದಳು. ಇಷ್ಟು ದೊಡ್ಡದನ್ನು, ಒಂದೂ ಮುರಿಯದ್ದನ್ನು, ಜಟ್ಟೆಪ್ಪನೂ ಕಂಡಿರಲಿಲ್ಲ. ಅವಳು ಬಗ್ಗಿ ಕೈ ಇಟ್ಟಳು. ತಣ್ಣಗಿತ್ತು.

"ಇಲ್ಲಿ ನೀರಿತ್ತೇನ್ರಿ?" ಎಂದು ಪದ್ಮವ್ವ ಪಿಸುಗುಟ್ಟಿದಳು. "ಗುಡ್ಡದ ಮ್ಯಾಲ?"

"ಗುಡ್ಡ ಆಗೂಕಿಂತ ಮೊದಲ ಇದ್ದಿರಬೇಕವ್ವಾ," ಎಂದ ಶಂಕರೆಪ್ಪ. ತಲೆಯ ರುಮಾಲು ಅವನ ಕೈಗೆ ಬಂದಿತ್ತು.

"ನಾ ಹೇಳಲಿಲ್ಲೇನು," ಎಂದಳು ಕಾಡವ್ವ ಚಕ್ಕಡಿಯ ಮೇಲಿಂದಲೇ, ಕಣ್ಣಿಗೆ ಕೈ ಅಡ್ಡ ಹಿಡಿದು. ಏನು ಹೇಳಿದ್ದಳೆಂದು ಯಾರೂ ಕೇಳಲಿಲ್ಲ.

ಬಾಳು ಸಲಾಕೆಯನ್ನು ಎತ್ತಿ ತಂದು ತಾಯಿಯ ಕೈಗೆ ಕೊಟ್ಟ. ಮೂತಿ ಮುರಿದಿತ್ತು, ಮೈ ನೆಟ್ಟಗಿತ್ತು. "ತಗೋ, ನಿನ್ನ ಕಬ್ಬಣ," ಎಂದ. ಅವನ ದನಿ ಸಣ್ಣಗಿತ್ತು.

ಸೋಮವಾರ ಗುತ್ತಿಗೆದಾರ ಬಂದು ಚಪ್ಪಡಿಯ ಉದ್ದಕ್ಕೂ ನಡೆದ, ತಟ್ಟಿದ. ಕಲ್ಲು ಗಂಟೆಯಂತೆ ದನಿಕೊಟ್ಟಿತು. ಚಪ್ಪಡಿಗಳನ್ನೆಲ್ಲ ಹೀಗೇ ತೆಗೆಯಿರಿ, ಗೋಡೆಯ ಕಲ್ಲಿಗೆ ಮದ್ದು ಹಾಕಿರಿ ಎಂದ. ಸಲಾಕೆಯ ಬಗ್ಗೆ ಒಂದಿಷ್ಟು ಬೈದ. ಬಾಳು ಯಂತ್ರದ ಮೇಲೆ ಉಳಿದ. ಜಟ್ಟೆಪ್ಪನಿಗೆ ಎಲ್ಲವೂ ಒಪ್ಪಿಗೆಯಾಯಿತೆಂದೇನಲ್ಲ. ಮದ್ದು ಹಾರುವ ದಿನ ಅವನು ಖಣಿಯ ಆಚೆ ಬದಿಗೆ ಹೋಗಿ ಕುಳಿತುಬಿಡುತ್ತಿದ್ದ. ಆದರೆ ಕೃಷ್ಣವ್ವ ಒಂದು ದಿನ ಮರೆತು ಒಂದೇ ಗಂಗಾಳ ಇಟ್ಟಾಗ ಇನ್ನೊಂದು ಎಲ್ಲಿ ಎಂದು ಕೇಳಲಿಲ್ಲ.

ಯುಗಾದಿ ಕಳೆದ ಮೇಲೆ ಮುಂದಿನ ಪದರು ಬಿಚ್ಚುವ ದಿನ ಬಂತು. ಬೆಳಿಗ್ಗೆ ಶಂಕರೆಪ್ಪ ಸುರೇಬಾನದ ಬಸ್ಸಿಳಿದು ಖಣಿಗೆ ಹೋಗದೆ ನೇರ ಮನೆಗೇ ಬಂದ. ಕೈಯಲ್ಲಿ ಗೋಣಿ ಸುತ್ತಿದ ಹೊಸ ಸಲಾಕೆ. ಅಂಗಳದಲ್ಲಿ ನಿಂತು ಗೋಣಿ ಬಿಚ್ಚಿದ.

"ಅಕ್ಕಾರ, ಗುಡ್ಡಕ್ಕ ಒಯ್ಯೂಕಿಂತ ಮೊದಲ ನೀರು ಕುಡಸ್ರಿ." ತಡೆದು, ಅವಸರವಾಗಿ ಸೇರಿಸಿದ: "ಆದ್ರ ಬೆಂಕಿ ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ."

ಕಾಡವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಕೃಷ್ಣವ್ವ ಸೆರಗು ಸರಿಮಾಡಿಕೊಂಡು ಹಿತ್ತಲಿಗೆ ಹೋಗಿ, ಕಲ್ಲುಮರಿಗೆಯಿಂದ ತಂಬಿಗೆ ತುಂಬಿಕೊಂಡು ಬಂದಳು. ಬಾಳು ಸಲಾಕೆಯನ್ನು ಓರೆಯಾಗಿ ಹಿಡಿದ. ಮೂತಿಯಲ್ಲಿದ್ದ ಸಣ್ಣ ತೂತಿನ ಮೇಲೆ ಅವಳು ಹನಿಹನಿಯಾಗಿ ನೀರು ಬಿಟ್ಟಳು. ಕಬ್ಬಿಣ ಕುಡಿಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಕೃಷ್ಣವ್ವ ಉಸಿರು ಹಿಡಿದಿದ್ದಳು.

ಆಮೇಲೆ ಆ ತುದಿಯಿಂದ ದಾರದಂಥ ತಣ್ಣನೆಯ ಧಾರೆ ಹೊರಬಂದು, ಅಲ್ಲಿ ನಿಂತಿದ್ದ ಜಟ್ಟೆಪ್ಪನ ಬರಿಯ ಪಾದದ ಮೇಲೆ ಬಿತ್ತು.

ಅವನು ಕಾಲು ತೆಗೆಯಲಿಲ್ಲ.